ಕನ್ಯತ್ವ: ಮೈಯ ಮಾತೋ, ಮನದ ಮಾತೋ?

ಬೆಳಗಿನ ಜಾವ ಎದ್ದು ಐವರು ಪುಣ್ಯಸ್ತ್ರೀಯರನ್ನು ನೆನೆಯುವ ರೂಢಿ ನಮ್ಮ ನಾಡಿನ ಅನೇಕ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅಹಲ್ಯೆ, ದ್ರೌಪದಿ, ಸೀತೆ, ತಾರೆ, ಮಂಡೋದರಿ ಇವರೇ ಆ ಐವರು. ಸೀತೆಯ ಸ್ಥಾನದಲ್ಲಿ ಕುಂತಿಯನ್ನು ಹೇಳುವ ಪಾಠವೂ ಉಂಟು. ಇವರಿಗೆ ಹಿರಿಯರು ಇಟ್ಟ ಹೆಸರು ಪಂಚಕನ್ಯೆಯರು. ಸದ್ಭಕ್ತರು ಈ ಹೆಸರಿನ ಮುಂದೆ ಒಂದು ಕ್ಷಣ ನಿಂತು ವಿಚಾರ ಮಾಡಬೇಕು. ಇವರಲ್ಲಿ ಮದುವೆಯಾಗದವರು ಒಬ್ಬರೂ ಇಲ್ಲ. ಎಲ್ಲರೂ ಮಕ್ಕಳನ್ನು ಹೆತ್ತ ತಾಯಂದಿರು. ಅಹಲ್ಯೆ ಇಂದ್ರನ ಕಾರಣದಿಂದ ಗಂಡನ ಶಾಪಕ್ಕೆ ಗುರಿಯಾದವಳು. ದ್ರೌಪದಿ ಐವರ ಕೈ ಹಿಡಿದವಳು. ತಾರೆ ವಾಲಿ ಮಡಿದ ಮೇಲೆ ಸುಗ್ರೀವನೊಡನೆ ಬಾಳಿದವಳು. ಹೀಗಿದ್ದೂ ಅವರನ್ನು ಕನ್ಯೆಯರೆಂದು ಕರೆದು, ಅವರ ನೆನಹೇ ಪಾಪವನ್ನು ಕಳೆಯುತ್ತದೆ ಎಂದು ನಂಬಿದವರು ನಮ್ಮ ಹಿರಿಯರೇ.

ಆದರೆ ಅದೇ ಮನೆಯಲ್ಲಿ ಹೊತ್ತೇರಿದ ಮೇಲೆ ಹೆಣ್ಣುಮಗಳ ಲಗ್ನದ ಮಾತು ಬಂದರೆ ಕನ್ಯೆ ಎಂಬ ಅದೇ ಶಬ್ದ ತಕ್ಕಡಿಯಾಗುತ್ತದೆ. "ಹುಡುಗಿ ಕಾಲೇಜಿಗೆ ಹೋಗುವಾಗ ಯಾರೊಡನೆಯೋ ಮಾತನಾಡುತ್ತಿದ್ದಳಂತೆ" ಎಂಬ ಒಂದು 'ಅಂತೆ' ಸಾಕು, ವೀಳ್ಯ ಬದಲಾದ ಲಗ್ನವೂ ಮುರಿದು ಬೀಳುತ್ತದೆ. ಮೊದಲ ರಾತ್ರಿಯ ಮರುದಿನ ಸೊಸೆಯ ಮುಖವನ್ನೇ ನೋಡದ ಅತ್ತೆಯರಿದ್ದಾರೆ. ಮಗಳನ್ನು ತವರಿಗೆ ತಂದು ಬಿಟ್ಟುಹೋದ ಅಳಿಯನ ಹಿಂದೆ ಪಂಚರನ್ನು ಕರೆದುಕೊಂಡು ಅಲೆಯುವ ತಂದೆಯರಿದ್ದಾರೆ. ಇಂತಹ ತಾಯಿ ತಂದೆಗಳು ಮಠಕ್ಕೆ ಬಂದು ಕಣ್ಣೀರು ಹಾಕುವುದನ್ನು ನಾವು ಕಂಡಿದ್ದೇವೆ. ಆದುದರಿಂದ ಕನ್ಯತ್ವವೆಂದರೇನು, ಅದನ್ನು ಯಾರು ಯಾರು ಹೇಗೆ ಅರ್ಥೈಸಿದ್ದಾರೆ ಎಂಬುದನ್ನು ಇಂದು ಬಿಡಿಸಿ ನೋಡೋಣ. ವಿಷಯ ಸಂಕೋಚದ್ದು ನಿಜ. ಆದರೆ ಹಿರಿಯರು ಸಂಕೋಚದಿಂದ ಸುಮ್ಮನಿದ್ದರೆ ಅದರ ಬೆಲೆಯನ್ನು ಹೆಣ್ಣುಮಕ್ಕಳು ತೆರಬೇಕಾಗುತ್ತದೆ.

ಶಬ್ದ ಒಂದು, ಅರ್ಥ ನಾಲ್ಕು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ "ಕನ್ಯಾ ನೋಡಾಕ ಹೊಂಟೀವಿ" ಎಂದರೆ ಮಗನಿಗೆ ಹೆಣ್ಣು ನೋಡಲು ಹೊರಟಿದ್ದೇವೆ ಎಂದಷ್ಟೇ ಅರ್ಥ. "ಆ ಮನಿಯಿಂದ ಕನ್ಯಾ ತಂದೀವಿ" ಎಂದರೆ ಆ ಮನೆಯೊಡನೆ ಬೀಗತನ ಬೆಳೆದಿದೆ ಎಂದರ್ಥ. ಇಲ್ಲಿ ಕನ್ಯೆಯೆಂದರೆ ಮದುವೆಗೆ ಬಂದ, ಇನ್ನೂ ಮದುವೆಯಾಗದ ಹುಡುಗಿ. ಇದು ಜನರ ಮಾತಿನ ಅರ್ಥ.

ಧರ್ಮಶಾಸ್ತ್ರದ ಕೆಲವು ಗ್ರಂಥಗಳು ಹೇಳುವುದು ಬೇರೆ. ಅವುಗಳ ಪ್ರಕಾರ 8 ವರ್ಷದವಳು ಗೌರಿ, 9 ವರ್ಷದವಳು ರೋಹಿಣಿ, 10 ವರ್ಷದವಳು ಕನ್ಯೆ. ಇಲ್ಲಿ ಕನ್ಯೆ ಎಂಬುದು ಬರಿಯ ವಯಸ್ಸಿನ ಹೆಸರು. ಮೈನೆರೆಯುವ ಮೊದಲೇ ಧಾರೆ ಎರೆಯಬೇಕೆಂಬ ಕಟ್ಟಳೆಗೆ ಇದೇ ಆಧಾರವಾಯಿತು. ಅದರ ಫಲವಾಗಿ ಗಂಡನ ಮುಖವನ್ನೇ ಸರಿಯಾಗಿ ಕಾಣದ ಎಷ್ಟು ಕೂಸುಗಳು ಕುಂಕುಮ ಕಳೆದುಕೊಂಡವೋ ಲೆಕ್ಕವಿಟ್ಟವರಾರು? 1929ರ ಶಾರದಾ ಕಾಯಿದೆ ಹುಡುಗಿಯ ಮದುವೆಗೆ 14 ವರ್ಷ ಆಗಿರಲೇಬೇಕೆಂದಿತು. ಇಂದಿನ ಕಾನೂನಿನಲ್ಲಿ ಅದು 18. ಕರ್ನಾಟಕವು 2016ರಲ್ಲಿ ತಂದ ತಿದ್ದುಪಡಿಯಂತೆ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೂಲದಿಂದಲೇ ಅಸಿಂಧು.

ಮೂರನೆಯ ಅರ್ಥ ಮಹಾಭಾರತದ್ದು. ವನಪರ್ವದಲ್ಲಿ ಸೂರ್ಯನು ಕುಂತಿಯೊಡನೆ ಮಾತನಾಡುವಾಗ ಕನ್ಯೆ ಎಂಬ ಶಬ್ದವನ್ನು ಬಯಸು ಎಂಬ ಅರ್ಥದ ಧಾತುವಿನಿಂದ ಬಿಡಿಸಿ, ಕನ್ಯೆ ಸ್ವತಂತ್ರಳು ಎನ್ನುತ್ತಾನೆ. ಅಂದರೆ ಯಾರ ವಶಕ್ಕೂ ಸೇರದೆ, ತನಗೆ ಬೇಕಾದುದನ್ನು ತಾನೇ ಬಯಸಬಲ್ಲವಳು ಕನ್ಯೆ. ಸೂರ್ಯ ಈ ಮಾತನ್ನು ತನ್ನ ಕಾರ್ಯಸಾಧನೆಗೆ ಆಡಿದನೆಂದು ಯಾರಾದರೂ ಹೇಳಬಹುದು. ಆದರೂ ಆ ಕಾಲದಲ್ಲೇ ಇಂಥ ಅರ್ಥವೊಂದು ಇತ್ತು ಎಂಬುದಕ್ಕೆ ಆ ಗ್ರಂಥವೇ ಸಾಕ್ಷಿ.

ನಾಲ್ಕನೆಯದು ಇಂದು ಊರ ಬಾಯಲ್ಲಿ ಉಳಿದಿರುವ ಅರ್ಥ: ಗಂಡಸಿನ ಸಂಗವಾಗದ ಮೈ. ಉಳಿದ ಮೂರು ಅರ್ಥಗಳನ್ನು ನುಂಗಿ ಕುಳಿತಿರುವುದು ಇದೊಂದೇ.

ಪುರಾಣದ ಕನ್ಯೆಯರು

ಮೈಯ ಅರ್ಥವನ್ನು ಪುರಾಣಗಳಾದರೂ ಗಟ್ಟಿಯಾಗಿ ಹಿಡಿದಿವೆಯೇ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಪರಾಶರ ಮುನಿಯಿಂದ ವ್ಯಾಸನನ್ನು ಹೆತ್ತ ಮತ್ಸ್ಯಗಂಧಿಗೆ ಕನ್ಯತ್ವ ಮರಳಿ ಬಂತು. ಅವಳೇ ಮುಂದೆ ಶಂತನುವಿನ ರಾಣಿ ಸತ್ಯವತಿಯಾದಳು. ಕರ್ಣನನ್ನು ಹೆತ್ತ ಕುಂತಿಗೂ ಅದು ಮರಳಿತು. ದ್ರೌಪದಿ ಒಂದೊಂದು ವಿವಾಹದ ದಿನವೂ ಮತ್ತೆ ಕನ್ಯೆಯಾದಳೆಂದು ಆದಿಪರ್ವ ಹೇಳುತ್ತದೆ.

ಇವರೆಲ್ಲರಿಗಿಂತ ಕರುಳು ಕಲಕುವ ಕಥೆ ಉದ್ಯೋಗಪರ್ವದಲ್ಲಿ ಬರುವ ಮಾಧವಿಯದು. ಈಕೆ ಯಯಾತಿಯ ಮಗಳು. ಗಾಲವನೆಂಬ ಶಿಷ್ಯ ಗುರು ವಿಶ್ವಾಮಿತ್ರನಿಗೆ ಒಂದು ಕಿವಿ ಕಪ್ಪಾದ 800 ಬಿಳಿ ಕುದುರೆಗಳನ್ನು ದಕ್ಷಿಣೆಯಾಗಿ ಕೊಡಬೇಕಾಗಿತ್ತು. ಯಯಾತಿಯಲ್ಲಿ ಕುದುರೆಗಳಿರಲಿಲ್ಲ, ಮಗಳನ್ನೇ ಗಾಲವನ ಕೈಗೆ ಕೊಟ್ಟ. ಹರ್ಯಶ್ವ, ದಿವೋದಾಸ, ಉಶೀನರ ಎಂಬ ಮೂವರು ಅರಸರು ತಲಾ 200 ಕುದುರೆ ಕೊಟ್ಟು ಅವಳಲ್ಲಿ ಒಂದೊಂದು ಮಗನನ್ನು ಪಡೆದರು. ಉಳಿದ 200 ಕುದುರೆಗಳಿಗೆ ಬದಲಾಗಿ ವಿಶ್ವಾಮಿತ್ರನೂ ಅವಳನ್ನು ಸ್ವೀಕರಿಸಿದ. ಪ್ರತಿ ಹೆರಿಗೆಯ ನಂತರ ಮತ್ತೆ ಕನ್ಯೆಯಾಗುವ ವರ ಅವಳಿಗಿತ್ತಂತೆ. ಕೊನೆಗೆ ತಂದೆ ಸ್ವಯಂವರ ಏರ್ಪಡಿಸಿದಾಗ ಮಾಧವಿ ನೆರೆದಿದ್ದ ಅರಸರನ್ನೆಲ್ಲ ಬಿಟ್ಟು ಕಾಡನ್ನೇ ವರಿಸಿ ತಪಸ್ಸಿಗೆ ಹೋದಳು. ಲೋಕ ಅವಳನ್ನು ನಾಲ್ಕು ಸಲ ಕನ್ಯೆ ಎಂದು ಕರೆಯಿತು. ಅವಳ ಇಷ್ಟವೇನೆಂದು ಒಂದು ಸಲವೂ ಕೇಳಲಿಲ್ಲ.

ಕುಂತಿಯ ಕಥೆಯಲ್ಲಿ ಹಿರಿಯರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸೂರ್ಯನ ವರದಿಂದ ಅವಳಿಗೆ ಕನ್ಯತ್ವವೇನೋ ಮರಳಿತು, ಆದರೆ ಲೋಕಾಪವಾದದ ಅಂಜಿಕೆ ಹೋಗಲಿಲ್ಲ. ಆ ಅಂಜಿಕೆಯಿಂದಲೇ ಹಸುಗೂಸನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟಳು. ಕರ್ಣ ತಾಯಿಯಿದ್ದೂ ಅನಾಥನಾದ, ತಮ್ಮಂದಿರಿಗೆ ವೈರಿಯಾದ. ಮನೆಯ ಹಿರಿಯರ ಮುಂದೆ ಬಾಯಿ ಬಿಟ್ಟು ಹೇಳುವ ಧೈರ್ಯ ಒಬ್ಬ ಹುಡುಗಿಗೆ ಇರಲಿಲ್ಲವೆಂಬುದು ಕುರುಕ್ಷೇತ್ರದವರೆಗೂ ಬೆನ್ನು ಹತ್ತಿತು. ನಮ್ಮ ಊರುಗಳಲ್ಲಿ ಇಂದಿಗೂ ಬಾವಿಗೆ ಹಾರುವ, ವಿಷ ಕುಡಿಯುವ ಹೆಣ್ಣುಮಕ್ಕಳ ಹಿಂದೆ ಇದೇ ಅಂಜಿಕೆ ಇರುವುದುಂಟು.

ಶರಣರ ದಾರಿ

ಈಗ ಶರಣರ ಕಡೆಗೆ ಬರೋಣ. ಉಡುತಡಿಯ ಮಹಾದೇವಿಯಕ್ಕ ಕೌಶಿಕ ರಾಜನನ್ನು ಮದುವೆಯಾಗಿದ್ದಳೇ ಇಲ್ಲವೇ ಎಂಬ ವಾದ ನಮ್ಮ ಪಂಡಿತರಲ್ಲಿ ಬಹಳ ವರ್ಷಗಳಿಂದ ನಡೆದಿದೆ. ಮಹಾದೇವಿಯಕ್ಕನ ರಗಳೆ ಬರೆದ ಹರಿಹರನು ಅಕ್ಕ ಷರತ್ತುಗಳನ್ನು ಹಾಕಿ ಕೌಶಿಕನನ್ನು ಮದುವೆಯಾದಳು, ಅವನು ಅವುಗಳನ್ನು ಮೀರಿದಾಗ ಅರಮನೆ ಬಿಟ್ಟು ಹೊರಟಳು ಎನ್ನುತ್ತಾನೆ. 15ನೆಯ ಶತಮಾನದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ಆಗಲಿಲ್ಲವೆಂಬಂತೆ ಕಥೆಯನ್ನು ನಡೆಸುತ್ತಾನೆ. ಇಬ್ಬರೂ ಅಕ್ಕನ ಪರಮಭಕ್ತರೇ. ಒಬ್ಬ ಕವಿಗೆ ಮದುವೆಯಾದ ಅಕ್ಕ ಪೂಜ್ಯಳು, ಇನ್ನೊಬ್ಬನಿಗೆ ಮದುವೆಯಾಗದ ಅಕ್ಕ ಪೂಜ್ಯಳು. ಅಕ್ಕನ ಹಿರಿಮೆಯಲ್ಲಿ ಇದರಿಂದ ಗುಲಗಂಜಿಯಷ್ಟಾದರೂ ಹೆಚ್ಚು ಕಡಿಮೆ ಆಯಿತೇ? ನಾವು ಕೈ ಮುಗಿಯುವುದು ಅವಳ ವೈರಾಗ್ಯಕ್ಕೆ, ಅವಳ ಅನುಭಾವಕ್ಕೆ. ಹರಿಹರ ಹೇಳಿದ್ದೇ ದಿಟವೆಂದು ನಾಳೆ ಸಿದ್ಧವಾದರೂ ಮುಗಿದ ಕೈಯನ್ನು ನಾವು ಯಾರೂ ಹಿಂದೆಗೆಯುವುದಿಲ್ಲ.

ಕಲ್ಯಾಣಕ್ಕೆ ಬಂದ ಅಕ್ಕನನ್ನೂ ಪರೀಕ್ಷೆ ಬಿಡಲಿಲ್ಲ. ಶೂನ್ಯಸಂಪಾದನೆಯಲ್ಲಿ ಕಿನ್ನರಿ ಬೊಮ್ಮಯ್ಯ ಆಕೆಯನ್ನು ಪರೀಕ್ಷಿಸಲು ಹೋಗುತ್ತಾನೆ, ಕೊನೆಗೆ ತಾನೇ ತಲೆಬಾಗುತ್ತಾನೆ. ಅಲ್ಲಮಪ್ರಭು ಅನುಭವ ಮಂಟಪದಲ್ಲಿ ಅವಳ ಪತಿಯ ವಿಚಾರವನ್ನೇ ಎತ್ತುತ್ತಾನೆ. ಅಕ್ಕ ಕೊಡುವ ಉತ್ತರದಲ್ಲಿ ಪತಿಯೆಂದರೆ ಚೆನ್ನಮಲ್ಲಿಕಾರ್ಜುನ. ಅನುಭಾವಿಗಳ ಸಭೆ ಆ ಉತ್ತರವನ್ನು ಒಪ್ಪಿತು. ಅಲ್ಲಿ ನಿಂತದ್ದು ಮನದ ನಿಷ್ಠೆಯ ಸಾಕ್ಷಿ.

ಶರಣಸತಿ ಲಿಂಗಪತಿ ಎಂಬ ನಮ್ಮ ತತ್ತ್ವವನ್ನು ಇಲ್ಲಿ ನೆನೆಯಬೇಕು. ಭಕ್ತ ಗಂಡಾಗಲಿ ಹೆಣ್ಣಾಗಲಿ, ಲಿಂಗಕ್ಕೆ ಅವನೇ ಸತಿ. ಪಾತಿವ್ರತ್ಯ ಹೆಣ್ಣಿಗೆಷ್ಟೋ ಗಂಡಿಗೂ ಅಷ್ಟೇ. ಕಲ್ಯಾಣದ ಶರಣೆಯರಲ್ಲಿ ಸೂಳೆ ಸಂಕವ್ವೆ ಎಂಬ ತಾಯಿ ಇದ್ದಳು. ನಿರ್ಲಜ್ಜೇಶ್ವರ ಎಂಬ ಅಂಕಿತದ ಆಕೆಯ ವಚನ ಇಂದಿಗೂ ನಮ್ಮ ಮುಂದಿದೆ. ತನ್ನ ಹಿಂದಿನ ವೃತ್ತಿಯ ಮಾತಿನಲ್ಲೇ ಆಕೆ ವ್ರತದ ನಿಷ್ಠೆಯನ್ನು ಹೇಳಿದ್ದಾಳೆ. ಅವಳನ್ನು ಹೊರಗೆ ನಿಲ್ಲಿಸದೆ ವಚನಕಾರ್ತಿಯರ ಸಾಲಿನಲ್ಲಿ ಕೂರಿಸಿದ ಪರಂಪರೆ ನಮ್ಮದು.

ಇನ್ನೂ ಒಂದು ಮಾತು. ಜನನ, ಮರಣ, ಜಾತಿ, ರಜಸ್ಸು, ಎಂಜಲು ಎಂಬ ಪಂಚಸೂತಕಗಳು ಲಿಂಗವಂತರಿಗೆ ಇಲ್ಲವೆಂದು ಶರಣರು ಸಾರಿದರು. ಮುಟ್ಟಿನ ನೆತ್ತರು ಹೆಣ್ಣಿಗೆ ಮೈಲಿಗೆಯಲ್ಲವೆಂದು ಎಂಟುನೂರು ವರ್ಷಗಳ ಹಿಂದೆಯೇ ಒಪ್ಪಿದವರು ನಾವು. ಅಂಥವರ ಮನೆಯಲ್ಲಿ ಹಾಸಿಗೆಯ ಮೇಲಿನ ನಾಲ್ಕು ಹನಿ ನೆತ್ತರು ಹೆಣ್ಣಿನ ಪಾವಿತ್ರ್ಯಕ್ಕೆ ಪ್ರಮಾಣವಾಗುವುದಾದರೆ ಕೊರಳಲ್ಲಿ ಲಿಂಗ ಧರಿಸಿ ಏನು ಫಲ? ನೆತ್ತರು ಕಂಡರೆ ಮೈಲಿಗೆ ಎನ್ನುವುದೂ ಸೂತಕ, ಕಾಣದಿದ್ದರೆ ಕಳಂಕ ಎನ್ನುವುದೂ ಸೂತಕವೇ.

ವೈದ್ಯರು ಹೇಳುವುದೇನು?

ಆ ನೆತ್ತರಿನ ವಿಷಯದಲ್ಲಿ ವೈದ್ಯಶಾಸ್ತ್ರದ ಮಾತನ್ನೂ ಕೇಳೋಣ. ಕನ್ಯಾಪೊರೆ ಎಂದು ಕರೆಯುವ ತೆಳು ಚರ್ಮ ಬಾಗಿಲು ಮುಚ್ಚಿದ ಹಾಗೆ ಇರುತ್ತದೆ ಎಂಬುದು ಜನರ ಕಲ್ಪನೆ. ಅದು ಸಾಮಾನ್ಯವಾಗಿ ಬಾಯಿಯ ಸುತ್ತ ಅಂಚಿನಂತೆ ಇರುತ್ತದೆ. ಒಬ್ಬೊಬ್ಬರಲ್ಲಿ ಒಂದೊಂದು ಆಕಾರ. ಕೆಲವರಿಗೆ ಹುಟ್ಟಿನಿಂದಲೇ ಅತಿ ಕಡಿಮೆ ಇರುತ್ತದೆ. ಹಿಗ್ಗುವ ಗುಣವೂ ಅದಕ್ಕಿದೆ. ಮೊದಲ ಕೂಡುವಿಕೆಯಲ್ಲಿ ನೆತ್ತರು ಕಾಣದ ಹೆಣ್ಣುಮಕ್ಕಳು ಬಹಳ ಮಂದಿ. ಒಬ್ಬ ಹೆಣ್ಣಿಗೆ ಗಂಡಸಿನ ಸಂಗವಾಗಿದೆಯೇ ಇಲ್ಲವೇ ಎಂಬುದನ್ನು ಸಿದ್ಧಪಡಿಸುವ ಯಾವ ಪರೀಕ್ಷೆಯೂ ಇಲ್ಲ, ಇಂಥ ಪರೀಕ್ಷೆಯನ್ನು ಎಲ್ಲ ದೇಶಗಳೂ ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು ವಿಶ್ವಸಂಸ್ಥೆಯ ಇನ್ನೆರಡು ಅಂಗಗಳೊಡನೆ ಕೂಡಿ 2018ರ ಅಕ್ಟೋಬರಿನಲ್ಲಿ ಹೇಳಿತು.

ವೈದ್ಯರೊಳಗೂ ಈ ವಿಷಯ ಸುಲಭವಾಗಿ ಇತ್ಯರ್ಥವಾಗಲಿಲ್ಲ. ನಮ್ಮ ದೇಶದ ವೈದ್ಯ ವಿದ್ಯಾರ್ಥಿಗಳ ಪಠ್ಯದಲ್ಲಿ ಕನ್ಯತ್ವದ ಲಕ್ಷಣಗಳೆಂಬ ಪಾಠ ಬಹುಕಾಲ ಇತ್ತು. ಇದು ಅವೈಜ್ಞಾನಿಕವೆಂದೇ ಕಲಿಸಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿದ್ದಿತು. 2024ರ ಆಗಸ್ಟ್ ಕೊನೆಗೆ ಹೊರಟ ಹೊಸ ಪಠ್ಯಕ್ರಮದಲ್ಲಿ ಹಳೆಯ ಪಾಠ ಮತ್ತೆ ತಲೆ ಹಾಕಿತು. ವಿರೋಧ ಬಂದಾಗ ಸೆಪ್ಟೆಂಬರಿನಲ್ಲಿ ಆಯೋಗ ಅದನ್ನು ಹಿಂತೆಗೆದುಕೊಂಡಿತು. ಓದಿದವರ ನಡುವೆಯೇ ಇಷ್ಟು ಎಳೆದಾಟವಿರುವಾಗ ಹಳ್ಳಿಯ ಮುದುಕಿಯೊಬ್ಬಳು ಹಾಸಿಗೆ ನೋಡಿ ತೀರ್ಪು ಕೊಡುವುದು ಎಷ್ಟು ಸರಿ?

ನ್ಯಾಯದ ಮುಂದೆ

ಮದುವೆಯಾಗದವಳು ಎಂಬ ಅರ್ಥವನ್ನೂ ಮೈಯ ಅರ್ಥವನ್ನೂ ಒಂದೇ ಎಂದು ತಿಳಿದರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶದ ಒಂದು ನಿದರ್ಶನವಿದೆ. 1979ರ ಜನವರಿಯಲ್ಲಿ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರು ಮದುವೆಯಾಗಲೆಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಹೋಗಿಳಿದರು. ನಿಶ್ಚಯವಾದ ವಧುವಿಗೆ ಮುಂಗಡ ವೀಸಾ ಬೇಕಿರಲಿಲ್ಲ, ಹೆಂಡತಿಗೆ ಬೇಕಿತ್ತು. ಈಕೆ ನಿಜವಾಗಿ ಮದುವೆಯಾಗದವಳೇ ಎಂದು ತಿಳಿಯಲು ಅಲ್ಲಿನವರು ಆಕೆಯ ಮೈಯನ್ನು ಪರೀಕ್ಷೆಗೆ ಒಡ್ಡಿದರು. ಸುದ್ದಿ ಪತ್ರಿಕೆಗೆ ಬಂದು ಎರಡೂ ದೇಶಗಳಲ್ಲಿ ಕೋಲಾಹಲವಾದ ಮೇಲೆ ಬ್ರಿಟಿಷ್ ಸರಕಾರ ಆ ಪದ್ಧತಿಯನ್ನು ನಿಲ್ಲಿಸಬೇಕಾಯಿತು. ಆ ಶಿಕ್ಷಕಿಗಾದ ಅವಮಾನಕ್ಕೆ ನಾವು ಸಿಟ್ಟಾದೆವು. ಅದೇ ಅವಮಾನ ನಮ್ಮ ಮನೆಯ ಸೊಸೆಗಾದಾಗ ಆ ಸಿಟ್ಟು ಎಲ್ಲಿ ಹೋಗುತ್ತದೆ?

ನೆರೆಯ ಮಹಾರಾಷ್ಟ್ರದ ಕಂಜಾರಭಾಟ ಸಮುದಾಯದಲ್ಲಿ ಮದುವೆಯ ರಾತ್ರಿ ಬಿಳಿ ಬಟ್ಟೆ ಹಾಸಿ, ಮರುದಿನ ಪಂಚರ ಮುಂದೆ ಸಾಕ್ಷಿ ಕೇಳುವ ಪದ್ಧತಿಯಿತ್ತು. 2018ರ ಹೊತ್ತಿಗೆ ಅದೇ ಸಮುದಾಯದ ಯುವಕ ಯುವತಿಯರು ಇದರ ವಿರುದ್ಧ ಎದ್ದು ನಿಂತರು. ಬಹಿಷ್ಕಾರದ ಬೆದರಿಕೆಗೂ ಅವರು ಜಗ್ಗಲಿಲ್ಲ. ಇಂಥ ಪರೀಕ್ಷೆಯನ್ನು ಲೈಂಗಿಕ ದೌರ್ಜನ್ಯವೆಂದೇ ಪರಿಗಣಿಸುವುದಾಗಿ 2019ರ ಫೆಬ್ರುವರಿಯಲ್ಲಿ ಆ ರಾಜ್ಯದ ಸರಕಾರ ಸಾರಿತು.

ನಮ್ಮ ನ್ಯಾಯಾಲಯಗಳ ಮಾತು ಇನ್ನೂ ಸ್ಪಷ್ಟ. ಅತ್ಯಾಚಾರಕ್ಕೊಳಗಾದ ಹೆಣ್ಣಿಗೆ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆ ಆಕೆಯ ಘನತೆಗೆ ಕುಂದು ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಅದನ್ನು ಮಾಡುವವರು ದುರ್ವರ್ತನೆಯ ದೋಷಿಗಳು ಎಂದು 2022ರ ಅಕ್ಟೋಬರಿನಲ್ಲಿ ಎಚ್ಚರಿಸಿತು. ಅಪರಾಧದ ಆರೋಪ ಹೊತ್ತ ಹೆಣ್ಣಿಗೂ ಕನ್ಯತ್ವ ಪರೀಕ್ಷೆ ಮಾಡಿಸುವುದು ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು ದೆಹಲಿ ಹೈಕೋರ್ಟು 2023ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಹೆಂಡತಿಗೆ ಇಂಥ ಪರೀಕ್ಷೆ ಮಾಡಿಸಬೇಕೆಂದು ಬಂದ ಗಂಡನ ಕೋರಿಕೆಯನ್ನು ಛತ್ತೀಸಗಡದ ಹೈಕೋರ್ಟು 2025ರಲ್ಲಿ ತಳ್ಳಿಹಾಕಿತು. 1955ರ ಹಿಂದೂ ವಿವಾಹ ಕಾಯಿದೆಯು ಮದುವೆಗೆ ಬೇಕಾದ ಷರತ್ತುಗಳನ್ನು ಒಂದೊಂದಾಗಿ ಹೇಳಿದೆ. ಅದರಲ್ಲಿ ಕನ್ಯತ್ವದ ಸೊಲ್ಲೇ ಇಲ್ಲ.

ಹಾಗಾದರೆ ಶೀಲಕ್ಕೆ ಬೆಲೆಯಿಲ್ಲವೇ?

ಇಷ್ಟು ಕೇಳಿದ ಮೇಲೆ ಹಿರಿಯರೊಬ್ಬರು, "ಅಪ್ಪಾರ, ಹೀಗಂದರ ಮಕ್ಕಳು ಅಂಕೆ ತಪ್ಪೂದಿಲ್ಲೇನ್ರಿ? ಶೀಲ ಅನ್ನೂದಕ್ಕ ಬೆಲೀನ ಇಲ್ಲೇನು?" ಎಂದು ಕೇಳಬಹುದು. ಬೆಳೆದ ಮಗಳನ್ನು ಮಡಿಲಲ್ಲಿ ಕಟ್ಟಿದ ಕೆಂಡವೆಂದು ಕಾಯುವ ತಂದೆತಾಯಿಗಳ ಕಳವಳ ಸುಳ್ಳಲ್ಲ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಶೀಲಕ್ಕೆ ಬೆಲೆ ಖಂಡಿತ ಇದೆ. ಆದರೆ ಶೀಲ ಬೇರೆ, ಕನ್ಯತ್ವ ಬೇರೆ. ಶೀಲವೆಂದರೆ ನಡೆ. ಅದು ಮನುಷ್ಯ ತಾನೇ ಒಪ್ಪಿ ಹಿಡಿದು ದಿನದಿನವೂ ಕಾಪಾಡಿಕೊಳ್ಳುವ ವ್ರತ. ವಿರಕ್ತರ ಬ್ರಹ್ಮಚರ್ಯ ಅಂಥದು, ದಂಪತಿಗಳ ನಿಷ್ಠೆಯೂ ಅಂಥದು. ಬಲಾತ್ಕಾರದಿಂದ ಯಾರೂ ಒಬ್ಬರ ಶೀಲವನ್ನು ಕಸಿಯಲಾರರು. ದುರುಳನ ಕೈಗೆ ಸಿಕ್ಕ ಮಗಳಲ್ಲಿ ಶೀಲ ಇದ್ದಂತೆಯೇ ಇದೆ, ಅದು ಕೆಟ್ಟಿದ್ದರೆ ಆ ದುರುಳನದು ಕೆಟ್ಟಿದೆ. ಹಾಗೆಯೇ ಮೈಯಿಂದ ಕನ್ಯೆಯಾಗಿದ್ದು ನಾಲಿಗೆಯಿಂದ ನಾಲ್ಕು ಮನೆ ಮುರಿಯುವವಳನ್ನು ಶೀಲವಂತೆ ಎನ್ನಲಾಗದು. ಗಂಡಸರ ವಿಷಯದಲ್ಲಿ ಈ ಪರೀಕ್ಷೆಯ ಸೊಲ್ಲು ಯಾರೂ ಎತ್ತುವುದಿಲ್ಲ. ಕನ್ಯೆಗೆ ಜೋಡಿಯಾಗಿ ಗಂಡಿಗೆ ಹೊಂದುವ ಒಂದು ಮಾತೂ ನಮ್ಮ ಬಳಕೆಯಲ್ಲಿಲ್ಲ. ಊರೂರು ತಿರುಗಿ ಬಂದ ಮಗನಿಗೆ ಕನ್ಯೆಯೇ ಬೇಕೆನ್ನುವ ತಂದೆ ಮೊದಲು ಮಗನ ಶೀಲವನ್ನು ವಿಚಾರಿಸಲಿ.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ವಿಧವೆಯಾದ ಹೆಣ್ಣಿಗೆ ಸೀರೆ ಉಡಿಸಿ ಮತ್ತೊಂದು ಬಾಳು ಕಟ್ಟಿಕೊಡುವ ಉಡಿಕೆ ಪದ್ಧತಿ ನಮ್ಮಲ್ಲೂ ಅನೇಕ ರೈತಾಪಿ ಸಮುದಾಯಗಳಲ್ಲೂ ನಡೆದುಬಂದದ್ದು. ಅವಳು ಕನ್ಯೆಯಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹಾಗೆಂದು ಅವಳ ಹೊಸ ಸಂಸಾರ ಮುರಿಯಲಿಲ್ಲ. ಅವಳು ಹೆತ್ತ ಮಕ್ಕಳು ಹೊಲ ಉತ್ತರು, ಜಾತ್ರೆಯಲ್ಲಿ ತೇರು ಎಳೆದರು.

ಹಿರಿಯರಿಗೆ ನಮ್ಮ ಮಾತು

ಆದುದರಿಂದ ಊರಿನ ಹಿರಿಯರಲ್ಲಿ, ಮನೆಯ ಯಜಮಾನರಲ್ಲಿ, ವಿಶೇಷವಾಗಿ ಅತ್ತೆಯ ಸ್ಥಾನದಲ್ಲಿರುವ ತಾಯಂದಿರಲ್ಲಿ ನಾವು ಕೇಳಿಕೊಳ್ಳುವುದಿಷ್ಟು. ಕನ್ಯೆ ನೋಡಲು ಹೋದಾಗ ಹುಡುಗಿಯ ಗುಣ, ವಿದ್ಯೆ, ಆರೋಗ್ಯ ವಿಚಾರಿಸಿರಿ. ಅವಳಿಗೆ ಈ ಮದುವೆ ಒಪ್ಪಿಗೆಯೇ ಎಂಬುದನ್ನು ಅವಳ ಬಾಯಿಂದಲೇ ಕೇಳಿರಿ. ಮೊದಲ ರಾತ್ರಿಯ ಮರುದಿನ ಗುರುತು ಹುಡುಕುವ ಕೆಟ್ಟ ಚಾಳಿ ಯಾವ ಮನೆಯಲ್ಲಾದರೂ ಉಳಿದಿದ್ದರೆ ಇಂದೇ ಬಿಟ್ಟುಬಿಡಿರಿ. ಹೆಸರು ಕೆಟ್ಟೀತೆಂಬ ಅಂಜಿಕೆಯಿಂದ ಓದುವ ಮಗಳನ್ನು ಶಾಲೆ ಬಿಡಿಸಿ 18 ತುಂಬುವ ಮೊದಲೇ ಲಗ್ನ ಮಾಡಬೇಡಿರಿ. ಅದು ಕಾನೂನಿಗೂ ವಿರುದ್ಧ, ಧರ್ಮಕ್ಕೂ ವಿರುದ್ಧ. ಹೆಣ್ಣಿನ ಕನ್ಯತ್ವದ ನ್ಯಾಯ ಕಟ್ಟೆಗೆ ಬಂದರೆ ಅದನ್ನು ವಿಚಾರಿಸುವ ಅಧಿಕಾರ ಯಾವ ಪಂಚರಿಗೂ ಇಲ್ಲವೆಂದು ಅಲ್ಲಿಯೇ ಹೇಳಿ ಏಳಿರಿ.

ಎಲ್ಲಕ್ಕಿಂತ ಮಿಗಿಲಾಗಿ, ನಿಮ್ಮ ಮಗಳು ಅಳುತ್ತ ಏನನ್ನೋ ಹೇಳಲು ಬಂದರೆ ಬಾಗಿಲು ಹಾಕಿಕೊಂಡು ಶಾಂತವಾಗಿ ಕೇಳಿರಿ. ಅವಳು ತಪ್ಪಿ ನಡೆದಿದ್ದರೆ ತಿದ್ದುವವರು ನೀವೇ, ಅನ್ಯಾಯಕ್ಕೆ ಒಳಗಾಗಿದ್ದರೆ ಬೆನ್ನಿಗೆ ನಿಲ್ಲುವವರೂ ನೀವೇ. ಕುಂತಿಗೆ ಅಂಥ ಒಬ್ಬ ಹಿರಿಯರು ಸಿಕ್ಕಿದ್ದರೆ ಪೆಟ್ಟಿಗೆ ಹೊಳೆಯಲ್ಲಿ ತೇಲುತ್ತಿರಲಿಲ್ಲ.

ಮೈ ಶಿವ ಕೊಟ್ಟದ್ದು, ಮನ ನಾವು ಕಾಯಬೇಕಾದದ್ದು. ಶಿವ ಕೊಟ್ಟದ್ದನ್ನು ಒರೆಗೆ ಹಚ್ಚುವ ಕೆಲಸ ನಮಗೆ ಬೇಡ. ನಮ್ಮ ಮನೆಗಳ ಹೆಣ್ಣುಮಕ್ಕಳೆಲ್ಲ ಅಂಜಿಕೆಯಿಲ್ಲದೆ ತಲೆಯೆತ್ತಿ ಬಾಳುವಂತಾಗಲಿ, ಗಂಡುಮಕ್ಕಳು ಅವರಿಗೆ ತಕ್ಕ ಶೀಲವಂತರಾಗಲಿ ಎಂದು ಹಾರೈಸುತ್ತೇವೆ. ಸರ್ವರಿಗೂ ಮಂಗಳವಾಗಲಿ.